ಪಕ್ಕದ ಫ್ಲ್ಯಾಟಿನ ಕೊಲೆಗಾರ

ಕೆಲವರಿಗೆ ನೆರೆಮನೆಯಿಂದ ಸಕ್ಕರೆ, ಕಾಫಿಪುಡಿ ಸಿಗುತ್ತದೆ. ಗಲ್ಫಿನ ಅಲ್ ಬರ್ಷಾದಲ್ಲಿ ಇದ್ದಷ್ಟು ವರ್ಷ ನಮಗೆ ಸಿಕ್ಕಿದ್ದು ಬರೀ ಎದೆಬಡಿತ. ಪಕ್ಕದಲ್ಲಿ ಅಮೆರಿಕದ ಅಜ್ಜ ಒಬ್ಬರು ಟೀಚರ್ ಮಗಳ ಜೊತೆ ಇದ್ದರು. ಹರೆಯದಲ್ಲಿ ಹಾಲಿವುಡ್ಡಿನ ಕಪ್ಪುಬಿಳುಪು ಸಿನಿಮಾಗಳಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿದವರು. ಕೊಲೆಗಾರ, ಇಲ್ಲವೇ ಹೆಣ. ಬೇರೆ ಪಾತ್ರ ಯಾರೂ ಕೊಡಲೇ ಇಲ್ಲವಂತೆ. ಇದೆಲ್ಲ ಗೊತ್ತಾದದ್ದು ಆಮೇಲೆ.

ಲಿಫ್ಟಿನಲ್ಲಿ

ಮೊದಲ ಸಲ ನೋಡಿದ ದಿನವೇ ಲಿಫ್ಟ್ ನಡುವೆ ನಿಂತಿತು. ಒಳಗೆ ನಾನು ಮತ್ತು ಅವರು. ಆರಡಿ ಎತ್ತರ, ಗುಳಿಬಿದ್ದ ಕಣ್ಣು. ಮನಸ್ಸಿನಲ್ಲೇ ಹನುಮಂತನನ್ನು ಕರೆದೆ. ಧೈರ್ಯ ಹೇಳಲೆಂದು ಅವರು ನಕ್ಕರು. ನಗದಿದ್ದರೇ ಚೆನ್ನಾಗಿತ್ತು. ಬಾಗಿಲು ತೆರೆದದ್ದೇ ಓಡಿದೆ. ಹಿಂದಿನಿಂದ ಬಾವಿಯೊಳಗಿನಂಥ ದನಿ: "ಮೇಡಂ, ನಿಮ್ಮ ತರಕಾರಿ!"

"ನೀವೇ ಇಟ್ಟುಕೊಳ್ಳಿ" ಎಂದು ಕೂಗಿ ಮೆಟ್ಟಿಲು ಹತ್ತಿದೆ.

ಸೀರೆ

ಉಡುಪಿಯಿಂದ ಅತ್ತೆ ಬಂದಿದ್ದರು. ಅಜ್ಜನ ಮಗಳು ಕೊಟ್ಟಿದ್ದ ಹಳೇ ಸಿನಿಮಾ ಹಾಕಿದ್ದೆ. ತೆರೆಯ ಮೇಲೆ ಒಬ್ಬ ತೆಳ್ಳಗಿನ ಮನುಷ್ಯ ಬಟ್ಟೆ ಹುರಿಮಾಡಿ ಹೆಂಗಸಿನ ಕತ್ತಿಗೆ ಬಿಗಿಯುತ್ತಿದ್ದ. ಅಷ್ಟರಲ್ಲಿ ಬೆಲ್ ಆಯಿತು. ಅತ್ತೆ ಬಾಗಿಲು ತೆರೆದರು. ಅದೇ ಮುಖ, ವಯಸ್ಸಾದದ್ದು. ಬಾಲ್ಕನಿಯಿಂದ ಹಾರಿಹೋಗಿದ್ದ ಅತ್ತೆಯ ಸೀರೆಯನ್ನು ಎರಡೂ ಕೈಯಲ್ಲಿ ಹುರಿಮಾಡಿ ಹಿಡಿದು ನಿಂತಿದ್ದರು.

"ಅಯ್ಯಯ್ಯೋ, ಟಿವಿಯಿಂದ ಇಳಿದು ಬಂದ!" ಅತ್ತೆಯ ಕೂಗಿಗೆ ಮೂರು ಬಾಗಿಲು ತೆರೆದವು.

ಅಜ್ಜ ತಲೆಬಾಗಿದರು. "ಧನ್ಯವಾದ. ಇಷ್ಟು ಚೆನ್ನಾಗಿ ಹೆದರಿದವರನ್ನು ನೋಡಿ ಎಷ್ಟು ಕಾಲವಾಯಿತು!"

ಹೆಣದ ಪಾತ್ರ

ಆಮೇಲೆ ಸ್ನೇಹವಾಯಿತು. ಒಂದು ಶುಕ್ರವಾರ ದೋಸೆಗೆ ಕರೆದಿದ್ದೆವು. "ಸಿನಿಮಾದಲ್ಲಿ ಹೇಗೆ ಸಾಯ್ತಿದ್ರಿ?" ಎಂದು ನನ್ನ ಮಗಳು ಕೇಳಿದಳು. ಅಜ್ಜ ಎದೆ ಹಿಡಿದು ಎದ್ದರು, ತೂರಾಡಿದರು, ಸೋಫಾದ ಮೇಲೆ ಕುಸಿದು, ಅಲ್ಲಿಂದ ಜಾರಿ ನೆಲಕ್ಕೆ ಬಿದ್ದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅವರು ಏಳಲಿಲ್ಲ. ಕರೆದೆವು, ಅಲುಗಾಡಿಸಿದೆವು. ಕೈ ತಣ್ಣಗಿತ್ತು.

"ಅಮ್ಮಾ, ಹೀ ಈಸ್ ನಾಟ್ ಬ್ರೀದಿಂಗ್!" ಮಗಳು ಅಳತೊಡಗಿದಳು.

ಅವರ ಮಗಳಿಗೆ ಏನೆಂದು ಹೇಳಲಿ? ಗಂಡ ಗಾಬರಿಯಲ್ಲಿ ಆಂಬುಲೆನ್ಸ್ ಬದಲು ಗ್ಯಾಸ್ ಅಂಗಡಿಗೆ ಫೋನ್ ಮಾಡಿ ಅರಬ್ಬಿ ಬೆರೆಸಿ "ಯಲ್ಲಾ, ಬೇಗ ಬನ್ನಿ" ಎನ್ನುತ್ತಿದ್ದರು. ಅತ್ತೆ ದೇವರ ಮುಂದಿದ್ದ ಗಂಗಾಜಲದ ತಂಬಿಗೆಯ ಬೆಸುಗೆ ಒಡೆದು ಅಜ್ಜನ ಬಾಯಿಗೆ ಬಿಟ್ಟರು. ಒಂದು ಹನಿಯೂ ಗಂಟಲಿಗೆ ಇಳಿಯದೆ ಕೆನ್ನೆಯ ಮೇಲೆ ಹರಿಯಿತು.

ಆಗ ಅಜ್ಜನ ಮಗಳು ಬಂದಳು. ಅಪ್ಪನನ್ನು ನೋಡಿದಳು, ಅಳುತ್ತಿದ್ದ ನಮ್ಮನ್ನು ನೋಡಿದಳು. ಬ್ಯಾಗು ಕೆಳಗಿಟ್ಟು "ಕಟ್!" ಎಂದಳು.

ಹೆಣ ಕಣ್ಣುಬಿಟ್ಟಿತು. "ಹೇಗಿತ್ತು?"

ಅತ್ತೆ ಖಾಲಿ ತಂಬಿಗೆ ಅವರ ಮುಖಕ್ಕೆ ಹಿಡಿದು ಕನ್ನಡದಲ್ಲೇ ಗದರಿದರು: "ಏಳುದಾದ್ರೆ ಮೊದಲೇ ಹೇಳ್ಬಾರ್ದಾ ಮಾರಾಯ್ರೆ! ಅದು ನಾನು ಸಾಯುವಾಗ ನಂಗೇ ಅಂತ ಊರಿಂದ ತಂದದ್ದು!"