ಬೆಟ್ಟಸ್ವಾಮಿಯ ಕೈಗೆ ಬಂದ ಸೊಂಡಿಲು

"ಈ ಸಲ ನಮ್ಮನೆ ಗಣಪತಿ ಮಾರ್ಕೆಟ್ಟಿಂದ ಬರಲ್ಲ. ಈ ಕೈಯಿಂದ ಬರ್ತಾನೆ!"

ತುಮಕೂರಿನ ಹತ್ತಿರ ವಸಂತನರಸಾಪುರದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ, ಚಿತ್ರಾನ್ನ ಕಲಸುತ್ತಿದ್ದ ಕೈಯನ್ನೇ ಮೇಲೆತ್ತಿ ಬೆಟ್ಟಸ್ವಾಮಿ ಹೀಗೆ ಘೋಷಿಸಿದಾಗ, ನಾಲ್ಕು ಅಗುಳು ಹಾರಿ ಸಹೋದ್ಯೋಗಿ ಮಲ್ಲಿಕಾರ್ಜುನನ ಕನ್ನಡಕದ ಮೇಲೆ ಕೂತವು.

"ನೀವಾ ಸಾರ್? ಗಣಪತಿನಾ?"

"ಯಾಕೆ, ಅದೇನು ಮಹಾ? ನಟ್ಟು ಬೋಲ್ಟಲ್ಲಿ ಕೂದಲೆಳೆ ವ್ಯತ್ಯಾಸ ಬಂದ್ರೂ ಹಿಡಿಯೋ ಕಣ್ಣು ಇದು. ಹಬ್ಬದ ದಿನ ಮನೆಗೆ ಬನ್ನಿ, ತೋರಿಸ್ತೀನಿ."

ಬೆಟ್ಟಸ್ವಾಮಿ ಆ ಕಾರ್ಖಾನೆಯ ಕ್ವಾಲಿಟಿ ಇನ್‌ಸ್ಪೆಕ್ಟರ್. ಅಳೆಯುವುದು, ತಪ್ಪು ಹುಡುಕುವುದು, ಪಕ್ಕಕ್ಕೆ ಎಸೆಯುವುದು, ಇಷ್ಟೇ ಅವನ ಕಸುಬು. ಮನೆಯಲ್ಲೂ ಅದೇ ಕಸುಬು ಮುಂದುವರಿಸಲು ಹೋಗಿ, ಹೆಂಡತಿ ಶಶಿಕಲಾ ಲಟ್ಟಿಸಿದ ಚಪಾತಿ ದುಂಡಗಿಲ್ಲ ಎಂದು ಒಮ್ಮೆ ಹೇಳಿ, ಅಂದಿನಿಂದ ತನ್ನ ಚಪಾತಿಯನ್ನು ತಾನೇ ಲಟ್ಟಿಸಿಕೊಳ್ಳುವ ಭಾಗ್ಯ ಪಡೆದವನು.

ಜಂಭವೇನೋ ಜಂಭವೇ. ಆದರೆ ಅದರ ಹಿಂದೆ ಒಂದು ನಿಜವಾದ ಆಸೆಯೂ ಇತ್ತು. ಗುಬ್ಬಿ ಕಡೆಯ ಹಳ್ಳಿಯಿಂದ ಅವನ ತಾಯಿ ಓಬಳಮ್ಮ ಬಂದು, ಶೆಟ್ಟಿಹಳ್ಳಿಯ ಇವರ ಮನೆಯಲ್ಲೇ ನೆಲೆಸಿದ್ದರು. ಕಣ್ಣು ಪೂರ್ತಿ ಮಂಜಾಗಿತ್ತು. ಆಪರೇಷನ್ನಿಗೂ ಬಗ್ಗುವ ಮಂಜಲ್ಲ ಎಂದು ಡಾಕ್ಟರು ಕೈಚೆಲ್ಲಿಯಾಗಿತ್ತು. ಒಂದು ಸಂಜೆ ಕೂತಲ್ಲೇ ಆಕೆ, "ಅಂಗಡಿ ಗಣಪಂಗೆ ಬಣ್ಣ ಜಾಸ್ತಿ ಕಣ್ಲಾ ಮಗ. ಬಣ್ಣ ಕಟ್ಕೊಂಡು ನಾನೇನ್ ಮಾಡ್ಲಿ? ಬರೀ ಮಣ್ಣಿನ ಗಣಪ ಇದ್ದಿದ್ರೆ, ಪೂಜೆಗೆ ಮುಂಚೆ ಒಂದ್ಸಲ ಮುಟ್ಟಿ ನೋಡ್ತಿದ್ದೆ. ಕೈಗಾದ್ರೂ ಹಬ್ಬ ಆಗ್ತಿತ್ತು" ಅಂದುಬಿಟ್ಟರು. ಬೆಟ್ಟಸ್ವಾಮಿ ಅದನ್ನು ಕೇಳಿಸಿಕೊಂಡ. ಅವ್ವನ ಬೆರಳಿಗೆ ಒಂದೇ ಒಂದು ತಪ್ಪೂ ಸಿಗದಂಥ ಗಣಪನನ್ನು ಮಾಡಿಯೇ ತೀರುತ್ತೇನೆಂದು ಅವತ್ತೇ ಭೀಷ್ಮ ಪ್ರತಿಜ್ಞೆಯಾಯಿತು.

ಇಂಥ ಪ್ರತಿಜ್ಞೆಗೆ ಸಿಕ್ಕಸಿಕ್ಕ ಮಣ್ಣು ಸಾಲುತ್ತದೆಯೇ? ತುಮಕೂರಿನ ಸುತ್ತ ಕೆರೆಯೇ ಇಲ್ಲವೇನೋ ಎಂಬಂತೆ ಸ್ಕೂಟರ್ ಹತ್ತಿ ಕುಣಿಗಲ್‌ವರೆಗೆ ಹೋದ. ಗೊಬ್ಬರದ ಚೀಲದ ತುಂಬ ಕೆರೆ ಮಣ್ಣು ತಂದ. ಬಚ್ಚಲುಮನೆಯಲ್ಲಿ ಬಕೆಟ್ಟಿಗೆ ಹಾಕಿ ಕಲ್ಲು, ಕಸ, ಬೇರು ಎಲ್ಲ ಸೋಸಿದ. ಮಣ್ಣು ಬೆಣ್ಣೆಯಂತಾದಾಗ, ಉಳಿದ ಕೆಸರು ನೀರನ್ನೆಲ್ಲ ಹೆಮ್ಮೆಯಿಂದ ಬಚ್ಚಲಿಗೇ ಸುರಿದ. ಪೈಪು ಒಮ್ಮೆ ಗೊರ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಆಮೇಲೆ ನೋಡಿ, ಕುಣಿಗಲ್ ಕೆರೆ ಶೆಟ್ಟಿಹಳ್ಳಿಯಲ್ಲಿ ಕೋಡಿ ಬಿತ್ತು! ಬಚ್ಚಲಿಂದ ಹಾಲಿಗೆ, ಹಾಲಿಂದ ಅಡುಗೆಮನೆಗೆ.

"ರೀ! ಹಬ್ಬದ ಮನೆ ಕಣ್ರೀ ಇದು! ಇಲ್ಲೇನು ಭತ್ತ ನಾಟಿ ಮಾಡ್ತೀರಾ?" ಶಶಿಕಲಾ ಸೀರೆ ಎತ್ತಿ ಕಟ್ಟಿ ಪೊರಕೆ ಹಿಡಿದು ನಿಂತಳು.

"ಕಲೆ ಅಂದ್ಮೇಲೆ ತ್ಯಾಗ ಬೇಕಾಗ್ತದೆ ಕಣೇ."

"ಸರಿ, ಮಾಡಿ ತ್ಯಾಗ" ಎಂದು ಪೊರಕೆಯನ್ನು ಅವನ ಕೈಗೇ ಕೊಟ್ಟಳು.

ನೆಲ ಒಣಗಿದ ಮೇಲೆ ಸೃಷ್ಟಿಕಾರ್ಯ ಆರಂಭ. ಪಾಪ, ಬ್ರಹ್ಮನಿಗೆ ಇಲ್ಲದ ಸಲಕರಣೆಗಳೆಲ್ಲ ನಮ್ಮ ಬೆಟ್ಟಸ್ವಾಮಿಯ ಬಳಿ ಇದ್ದವು. ಸ್ಕೇಲು, ಕೈವಾರ, ಕಾರ್ಖಾನೆಯಲ್ಲಿ ನಟ್ಟು ಬೋಲ್ಟು ಅಳೆಯುವ ವರ್ನಿಯರ್, ಸಾಲದ್ದಕ್ಕೆ ಮೊಬೈಲಿನಲ್ಲಿ ವೀಡಿಯೊ. ಹೊಟ್ಟೆ ಬಂತು, ಕಾಲು ಬಂತು. ಕಿವಿಯ ಹತ್ತಿರ ಕೆಟ್ಟಿತು. ಎಡಗಿವಿ ಬಲಗಿವಿಗಿಂತ ಕೂದಲೆಳೆಯಷ್ಟು ದೊಡ್ಡದು. ಎಡಗಿವಿ ಕೆರೆದ. ಈಗ ಬಲಗಿವಿ ದೊಡ್ಡದಾಯಿತು. ಅದನ್ನೂ ಕೆರೆದ. ಕೆರೆದೂ ಕೆರೆದೂ, ಮೊರದಗಲ ಇರಬೇಕಾದ ಕಿವಿಗಳು ಕಡಲೆಬೇಳೆಯಷ್ಟಾದವು. ಅಳತೆ ಮಾತ್ರ ಸಮಸಮ! ಮುರಿದ. ಮತ್ತೆ ಮಾಡಿದ. ಮತ್ತೆ ಮುರಿದ. ಊಟ ಸೇರಲಿಲ್ಲ, ಯಾರಾದರೂ ಪಕ್ಕದಲ್ಲಿ ಕೆಮ್ಮಿದರೂ ಸಿಡಿಮಿಡಿ.

"ಆಯ್ತೇನ್ಲಾ ಮಗ?" ಎಂದು ಓಬಳಮ್ಮ ಕೇಳಿದಾಗಲೆಲ್ಲ, "ಮುಟ್ಬೇಡ ಅವ್ವ, ಇನ್ನೂ ಸರಿಯಾಗಿಲ್ಲ" ಎನ್ನುವನು. ಆಕೆ ಚಾಚಿದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಳ್ಳುವರು. ಇದನ್ನು ನೋಡಿ ನೋಡಿ ಶಶಿಕಲಾ ಒಂದು ದಿನ ಹೇಳಿಯೇಬಿಟ್ಟಳು.

"ಅತ್ತೆ ಕೇಳಿದ್ದು ಮುಟ್ಟೋಕೆ ಒಂದು ಗಣಪನ್ನ ಕಣ್ರೀ. ನೀವು ಮುಟ್ಟಬಾರದ ಗಣಪನ್ನ ಮಾಡ್ತಾ ಇದೀರ."

ಮಾತು ನಾಟಿತು. ಆದರೆ ಇನ್‌ಸ್ಪೆಕ್ಟರು ಮಣಿಯಲಿಲ್ಲ.

ಹಬ್ಬದ ಬೆಳಿಗ್ಗೆ ಅಂತೂ ಇಂತೂ ಒಂದು ಗಣಪತಿ ಮಣೆಯ ಮೇಲೆ ಕೂತಿತ್ತು. ಆದರೆ ಇನ್ನೂ ಹಸಿ. ಶಶಿಕಲಾಳ ತಲೆಗೂದಲು ಒಣಗಿಸುವ ಮಿಷನ್ ತಂದು ಬೆಟ್ಟಸ್ವಾಮಿ ಬಿಸಿಗಾಳಿ ಬಿಟ್ಟ. ಟಕ್! ಹೊಟ್ಟೆಯ ಮೇಲೊಂದು ಬಿರುಕು. ಟಕ್! ಸೊಂಡಿಲು ಕಳಚಿ ಕೆಳಗೆ ಬಿತ್ತು. ಓಡಿಹೋಗಿ, ಕ್ಷಣದಲ್ಲಿ ಅಂಟುವ ಗಮ್ಮು ತಂದು ಸುರಿದ. ಗಮ್ಮು ನುಡಿದಂತೆ ನಡೆಯಿತು, ಕ್ಷಣದಲ್ಲೇ ಅಂಟಿತು. ಅಂಟಿದ್ದು ಗಣಪನ ಮುಖಕ್ಕಲ್ಲ, ಬೆಟ್ಟಸ್ವಾಮಿಯ ತೋರುಬೆರಳಿಗೆ! ಗಾಬರಿಯಲ್ಲಿ ಕೈ ಕೊಡವಿದ ರಭಸಕ್ಕೆ ಉಳಿದ ಗಣಪತಿ ಮಗುಚಿಬಿದ್ದು ಹೋಳಾಯಿತು. ಬೆರಳ ತುದಿಯಲ್ಲಿ ಸೊಂಡಿಲು ಮಾತ್ರ ಠೀವಿಯಿಂದ ನಿಂತಿತ್ತು.

ಅದೇ ಹೊತ್ತಿಗೆ ಕಾಲಿಂಗ್ ಬೆಲ್ಲು. ಬಾಗಿಲಲ್ಲಿ ಮಲ್ಲಿಕಾರ್ಜುನ.

"ಹಬ್ಬದ ಶುಭಾಶಯ ಸಾರ್!" ಎಂದು ಕೈ ಚಾಚಿದ. ಅಭ್ಯಾಸ ನೋಡಿ, ಇವನೂ ಚಾಚಿದ. ಮಲ್ಲಿಕಾರ್ಜುನನ ಹಿಡಿಗೆ ಸಿಕ್ಕಿದ್ದು ಸೊಂಡಿಲು.

"ಸಾರ್... ಇದೇನು?"

"ಗಣಪತಿ."

"ಮಿಕ್ಕಿದ್ದು?"

"ಒಳಗಿದೆ."

ಶಶಿಕಲಾ ಬಾಯಿಗೆ ಸೆರಗು ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಮಲ್ಲಿಕಾರ್ಜುನ ಕನ್ನಡಕ ಒರೆಸುವ ನೆಪದಲ್ಲಿ ಗೋಡೆಯ ಕಡೆ ತಿರುಗಿ ಕೂತ. ಬೆಟ್ಟಸ್ವಾಮಿಗೆ ಮಾತ್ರ ನಗು ಬರಲಿಲ್ಲ. ಅವ್ವನ ಮುಂದೆ ಹೋಗಿ ಕುಕ್ಕರಿಸಿದ.

"ಆಗ್ಲಿಲ್ಲ ಅವ್ವ. ಎಲ್ಲಾ ಒಡೆದೋಯ್ತು. ನಿನ್ ಕೈಗೆ ಒಂದು ಗಣಪನ್ನ ಮಾಡಿಕೊಡಕ್ಕಾಗ್ಲಿಲ್ಲ ನಂಗೆ" ಎಂದು, ಸೊಂಡಿಲು ಅಂಟಿದ ಬೆರಳನ್ನು ಆಕೆಯ ಮಡಿಲಿಗಿಟ್ಟ.

ಓಬಳಮ್ಮ ಸೊಸೆಯಿಂದ ಬಿಸಿನೀರು ತರಿಸಿ, ಮಗನ ಬೆರಳನ್ನು ಅದ್ದಿ, ಎಣ್ಣೆ ಹಚ್ಚಿ, ತಿಕ್ಕಿ ತಿಕ್ಕಿ ಸೊಂಡಿಲಿನಿಂದ ಬಿಡಿಸಿದರು. ಒಡೆದ ಮಣ್ಣನ್ನು ತರಿಸಿಕೊಂಡು, ಗಮ್ಮು ಹತ್ತಿದ್ದನ್ನು ಆಚೆ ಹಾಕಿಸಿ, ಮಿಕ್ಕಿದ್ದಕ್ಕೆ ನೀರು ಚಿಮುಕಿಸಿ ನಾದಿ, ಒಂದು ಮುದ್ದೆಯನ್ನು ಅವನ ಅಂಗೈಗಿಟ್ಟರು.

"ಅದ್ನ ಬುಡು. ಕುಣಿಗಲ್ ಕೆರೆ ತುಂಬೈತಾ?"

"ತುಂಬೈತೆ ಅವ್ವ."

"ಏರಿ ಮೇಲೆ ಗಾಳಿ ಬತ್ತಿತ್ತಾ?"

ಅವನು ಹೇಳತೊಡಗಿದ. ಗಾಳಿ ಹೇಗಿತ್ತು, ನೀರುಕೋಳಿ ಹೇಗೆ ಮುಳುಗಿ ಏಳುತ್ತಿದ್ದವು, ಏರಿಯ ಮೇಲೆ ಜೋಳ ಸುಡುತ್ತಿದ್ದ ಹೆಂಗಸು ಮಣ್ಣಿನ ಚೀಲ ನೋಡಿ ಹೇಗೆ ನಕ್ಕಳು. ಅವ್ವನ ಕೈ ಅವನ ಕೈಯ ಮೇಲಿತ್ತು. ಒತ್ತಲಿಲ್ಲ, ತಿದ್ದಲಿಲ್ಲ, ಸುಮ್ಮನೆ ಜೊತೆಗಿತ್ತು. ಮಾತು ತನ್ನ ಪಾಡಿಗೆ ಹೋಯಿತು, ಬೆರಳು ತಮ್ಮ ಪಾಡಿಗೆ ಆಡಿದವು. ಎಷ್ಟೋ ದಿನದ ಮೇಲೆ ಬೆಟ್ಟಸ್ವಾಮಿಗೆ ಹಾಯಾಗಿ ಉಸಿರಾಡಿದಂತಾಯಿತು. ಮಾತು ಮುಗಿಸಿ ನೋಡಿದರೆ, ಅಂಗೈ ಮೇಲೆ ದುಂಡು ಹೊಟ್ಟೆಯ ಪುಟ್ಟ ಗೋಪುರವೊಂದು ಕೂತಿತ್ತು.

"ಅಯ್ಯೋ, ಇದಕ್ಕೆ ಸೊಂಡಿಲೂ ಇಲ್ಲ, ಕಿವಿನೂ ಇಲ್ಲ!"

ಓಬಳಮ್ಮ ಪೂಜೆಯ ತಟ್ಟೆ ತಡವಿ, ಗರಿಕೆ ತೆಗೆದು ಅದರ ನೆತ್ತಿಗೆ ಸಿಗಿಸಿದರು. "ಬೆನಕಂಗೆ ಯಾತಕ್ಲಾ ಸೊಂಡಿಲು? ಮದ್ವೆ ಮನೇಲಿ ಸಗಣಿ ಉಂಡೆಗೆ ಗರಿಕೆ ಸಿಗ್ಸಿ ಕೈ ಮುಗಿಯಲ್ವಾ? ಗರಿಕೆ ನಿಂತ್ಮೇಲೆ ಗಣಪನೇ."

ಆಮೇಲೆ ನಿಧಾನವಾಗಿ, ಎರಡೂ ಕೈಯಿಂದ ಆ ಗಣಪನನ್ನು ಮುಟ್ಟಿ ಮುಟ್ಟಿ ನೋಡಿದರು. ಹೊಟ್ಟೆ ಸವರಿದರು, ಬೆನ್ನು ಸವರಿದರು. ಮುಖವೆಲ್ಲ ಅರಳಿತು. "ಬಲು ಮುದ್ದಾಗವ್ನೆ ಕಣ್ಲಾ ಮಗ."

ಬೆಟ್ಟಸ್ವಾಮಿಯ ಕಣ್ಣು ತುಂಬಿ ಬಂತು. ಆದರೆ ಹುಟ್ಟುಗುಣ ಎಲ್ಲಿ ಹೋದೀತು!

"ಒಂಚೂರು ಎಡಕ್ಕೆ ವಾಲವ್ನೆ, ಅಲ್ವಾ ಅವ್ವ?"

"ವಾಲ್ಲಿ ಬುಡು! ನೀನು ಹುಟ್ಟಿದಾಗ ನಿನ್ ತಲೆ ಸೋರೆಬುರುಡೆ ಹಂಗೆ ಒಂದ್ ಕಡೆ ಸೊಟ್ಟಗಿತ್ತು. ನಾನೇನ್ ಬ್ಯಾಡ ಅಂದ್ನಾ? ದಿನಾ ಎಣ್ಣೆ ಹಚ್ಕೊಂಡು, ಅದೂ ಇದೂ ಮಾತಾಡ್ಕೊಂಡು, ಸುಮ್ಕೆ ಕೈ ಆಡಿಸ್ತಿದ್ದೆ. ತಾನಾಗೇ ಸರಿಹೋಯ್ತು."

ಆರತಿ ತಟ್ಟೆ ಹಿಡಿದು ಬಂದ ಶಶಿಕಲಾ, ಗಂಡನ ತಲೆಯನ್ನು ಒಮ್ಮೆ ಈ ಕಡೆಯಿಂದ, ಒಮ್ಮೆ ಆ ಕಡೆಯಿಂದ ಬಗ್ಗಿ ನೋಡಿದಳು.

"ಅತ್ತೆ, ನೀವು ಇನ್ನೂ ಸ್ವಲ್ಪ ದಿನ ಕೈ ಆಡಿಸ್ಬೇಕಿತ್ತು!"