ರಾಯವ್ವ ಕದ್ದ ಯುದ್ಧಯಂತ್ರ

ಮುರಗೋಡದ ಜನ ಜನ್ಮದಲ್ಲಿ ಕಂಡಿರದ ನಾಟಕವೊಂದನ್ನು ಆಡಿಸಿಯೇ ತೀರುವೆನೆಂದು ಸೈಕಲ್ ರಿಪೇರಿಯ ಸೋಮಪ್ಪ ಹೆಂಡತಿಯ ಮುಂದೆ ಮೀಸೆ ತಿರುವಿದ! ಮುಂಬೈ ಬಂದರಿನಲ್ಲಿ ಕೆಲಸಕ್ಕಿದ್ದ ಗೆಳೆಯ ಜಪಾನಿನ ಚಿತ್ರಕಥೆಯೊಂದನ್ನು ತೋರಿಸಿದಾಗಿನಿಂದ ಅವನಿಗೆ ಅದೇ ಗುಂಗು. ಮನೆಗಿಂತ ಎತ್ತರದ ಉಕ್ಕಿನ ದೈತ್ಯ; ಅದರ ಹೊಟ್ಟೆಯೊಳಗೆ ಕೂತು ಯುದ್ಧ ಮಾಡುವ ವೀರ; ಅದನ್ನು ಕದ್ದೊಯ್ದು ಕಟ್ಟಿದವರ ಮೇಲೆಯೇ ತಿರುಗಿಸುವ ಶತ್ರು!

"ಕಥಿ ಚಲೋ ಐತಿ. ಉಕ್ಕು ಎಲ್ಲಿಂದ ತರ್ತೀರಿ?" ಎಂದಳು ರಾಯವ್ವ.

ಸೋಮಪ್ಪ ಮೇಲೆ ನೋಡಿದ. ಒಂದೇ ಕೋಣೆಯ ಮನೆ. ಮೇಲೆ ತಗಡು.

"ತಲಿ ನೆಟ್ಟಗ ಐತೇನ್ರಿ? ನಿಮ್ಮ ಅವ್ವಗ ದಮ್ಮು, ಹಾಸಿಗಿ ಬಿಟ್ಟು ಏಳಾಕ ಆಗೂದಿಲ್ಲ. ಮಳಿ ಬಂದ್ರ?"

"ಬ್ಯಾಸಗ್ಯಾಗ ಎಲ್ಲೀ ಮಳಿ! ಮಾಡಿಗೆ ಲಾರಿ ಮ್ಯಾಲಿನ ತಾಡಪತ್ರಿ ಹೊದಸ್ತೇನಿ, ನೀ ಸುಮ್ಮಕಿರು."

ನಾಟಕದ ದಿನ ಇಳಿಹೊತ್ತಿಗೆ ಸಾಲೆಯ ಬಯಲು ತುಂಬಿತ್ತು. ಕೈಗಾಡಿಯ ಮೇಲೆ ಮನೆಯ ತಗಡಿನ ದೈತ್ಯ ಎದೆಯುಬ್ಬಿಸಿ ನಿಂತಿತ್ತು. ಶತ್ರುವಿನ ಗೂಢಚಾರನಾಗಿದ್ದ ದರ್ಜಿ ನಿಜಗುಣಪ್ಪ ಅದರ ಹೊಟ್ಟೆ ಹೊಕ್ಕು, "ಈ ಯಂತ್ರ ಇನ್ನು ನಮ್ಮದು!" ಎಂದು ಗರ್ಜಿಸುವುದಕ್ಕೂ ಆಕಾಶ ಗುಡುಗುವುದಕ್ಕೂ ಸರಿಹೋಯಿತು. ಜನ ಚಪ್ಪಾಳೆ ತಟ್ಟಿದರು. ಗುಡುಗು ನಾಟಕದ್ದಲ್ಲವೆಂದು ತಿಳಿದದ್ದು ಮಳೆ ಮುಖಕ್ಕೆ ಬಡಿದಾಗಲೇ.

ಅಷ್ಟರಲ್ಲಿ ಕಚ್ಚೆ ಬಿಗಿದ ರಾಯವ್ವ ತೊಯ್ದು ತೊಪ್ಪೆಯಾಗಿ ಓಡಿ ಬಂದಳು. ಯಾರನ್ನೂ ನೋಡದೆ ಗಾಡಿಯ ಮೂಕಿ ಹಿಡಿದು ಎಳೆದೇಬಿಟ್ಟಳು!

"ಏ ರಾಯವ್ವಾ! ನನ್ನ ಯುದ್ಧಯಂತ್ರ ಎಲ್ಲಿ ಒಯ್ತಿ?" ಸೋಮಪ್ಪ ಚೀರಿದ.

"ತಾಡಪತ್ರಿ ಹಾರಿ ಹೋತು. ಅತ್ತಿ ನೀರಾಗ ಬಿದ್ದಾಳ. ಹಿಂದಿಂದ ದೂಡ್ರಿ!"

"ಕದಿಯಾಂವ ನಾನು! ಮೊದಲ ನನ್ನ ಇಳಸ್ರೋ!" ದೈತ್ಯನ ಹೊಟ್ಟೆಯೊಳಗಿಂದ ನಿಜಗುಣಪ್ಪ ಕೂಗಿದ.

ಇಂಥ ಕಳ್ಳತನ ಯಾವ ನಾಟಕದಲ್ಲೂ ಕಂಡಿಲ್ಲವೆಂದು ಜನ ಸಿಳ್ಳೆ ಹೊಡೆದರು. ನಾಟಕಕಾರ ಸೋಮಪ್ಪ ಅಳುತ್ತ ಗಾಡಿ ದೂಡಿದ.

ಮನೆಯಲ್ಲಿ ಹಾಸಿಗೆ ತೇಲುತ್ತಿತ್ತು. ಸೋಮಪ್ಪನ ಅವ್ವ ಕೆಂಪವ್ವನ ತುಟಿ ನೀಲಿಯಾಗಿತ್ತು. ಎದೆ ಕೊಳವೆಯಂತೆ ಸುಂಯ್‌ಗುಡುತ್ತಿತ್ತು. ದೈತ್ಯನ ಎದೆಯ ತಗಡು ಕಿತ್ತು ಅವಳ ಮೇಲೆ ಹಿಡಿದರು. ಲಾರಿ ಸಿಕ್ಕ ಮೇಲೆ ಸವದತ್ತಿಯ ದವಾಖಾನೆಗೆ ಒಯ್ದರು.

"ಎದ್ಯಾಗ ಕಫಾ ಗಟ್ಟಿ ಆಗೇತಿ, ಜ್ವರಾನೂ ಐತಿ. ನಾ ಏನೂ ಹೇಳಾಕ ಬರೂದಿಲ್ಲ," ಎಂದರು ಡಾಕ್ಟರು.

ರಾಯವ್ವ ಅತ್ತೆಯ ಅಂಗಾಲು ತಿಕ್ಕುತ್ತ ಕೂತಳು. ಗಂಡನತ್ತ ಒಮ್ಮೆಯೂ ನೋಡಲಿಲ್ಲ. ಅವಳು ಬೈದಿದ್ದರೆ ಚೆನ್ನಾಗಿತ್ತೆಂದು ಸೋಮಪ್ಪನಿಗೆ ಅನ್ನಿಸಿತು. ಅವ್ವನ ಉಸಿರು ನಿಂತು ನಿಂತು ಬರುವಾಗೆಲ್ಲ ಅವನು ಎದ್ದು ಅವಳ ಮೂಗಿಗೆ ಬೆರಳು ಹಿಡಿದು ನೋಡುತ್ತಿದ್ದ.

ಜ್ವರ ಇಳಿದ ದಿನ ಮುಂಜಾನೆ ಕೆಂಪವ್ವ ಕಣ್ಣು ಬಿಟ್ಟಳು. ಮಗನನ್ನು ಗುರುತಿಸಲು ಕೊಂಚ ಹೊತ್ತು ಹಿಡಿಯಿತು.

"ಸೋಮಾ… ನಿನ್ನ ನಾಟಕದಾಗ ಯುದ್ಧಾ ಯಾರ ಗೆದ್ರೋ?"

ಸೋಮಪ್ಪ ತಲೆ ತಗ್ಗಿಸಿದ.

"ನಿನ್ನ ಸೊಸಿ, ಯವ್ವಾ!"