ಸಕಾಲದಲ್ಲಿ ನೀರು ಬಿಡುವ ಕೋರ್ಸು

ದೇವಾಪುರದ ಕಡೆಗೆ ಹೋಗುವ ವಿತರಣಾ ಕಾಲುವೆಗೆ ದಿನಾಲು ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನೀರು ಬಿಡತಕ್ಕದ್ದು ಎಂಬುದು ನಿಯಮ. ಆ ನೀರನ್ನು ಸಕಾಲದಲ್ಲಿ ಹೇಗೆ ಬಿಡಬೇಕೆಂದು ಸಿಬ್ಬಂದಿಗೆ ಕಲಿಸುವ ಆನ್‌ಲೈನ್ ಕೋರ್ಸು ದಿನಾಲು ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಡೆಯತಕ್ಕದ್ದು ಎಂಬುದೂ ನಿಯಮವೇ. ಎರಡಕ್ಕೂ ಒಂದೇ ಮೇಜಿನ ಮೇಲೆ ಸಹಿ ಬಿದ್ದಿದ್ದರಿಂದ ಅವುಗಳ ನಡುವೆ ವಿರೋಧವಿರಬಹುದೆಂದು ಯಾರೂ ಭಾವಿಸಲಿಲ್ಲ.

ಕೋರ್ಸಿನ ಆದೇಶ ಕಾಲುವೆ ವಿಶೇಷ ಉಪವಿಭಾಗದ ಕಚೇರಿಗೆ ಬಂದ ದಿನ ಗುಮಾಸ್ತ ಹಣಮಂತ್ರಾಯರು ಅದನ್ನು ಎದ್ದು ನಿಂತು ಓದಿದರು. ಅವಧಿ ಹನ್ನೆರಡು ವಾರ. ಮೊಬೈಲಿನ ಕ್ಯಾಮೆರಾದಲ್ಲಿ ವಿದ್ಯಾರ್ಥಿಯ ಮುಖ ಸತತವಾಗಿ ಕಾಣತಕ್ಕದ್ದು. ಕಡೆಗೆ ಒಂದು ಗುಂಪು ಪ್ರಾಜೆಕ್ಟು. ಪಾಸಾದ ದಿನಗೂಲಿ ನೌಕರರ ಹೆಸರು ಖಾಯಂ ಪಟ್ಟಿಗೆ ಹೋಗುವುದು. ನಪಾಸಾದವರ ಹೆಸರು ಯಾವ ಪಟ್ಟಿಗೂ ಹೋಗತಕ್ಕದ್ದಲ್ಲ.

ಕಾಲುವೆಯ ಗೇಟು ನೋಡಿಕೊಳ್ಳುವ ಶೇಖಮ್ಮ ಹದಿನಾಲ್ಕು ವರ್ಷದಿಂದ ದಿನಗೂಲಿ. ಗಂಡ ಮಾಡುತ್ತಿದ್ದ ಕೆಲಸ, ಅವನು ತೀರಿಕೊಂಡ ಮೇಲೆ ಇವಳಿಗೆ ಬಂದಿತ್ತು. ವಯಸ್ಸು ನಲವತ್ತಾರು, ಓದಿದ್ದು ಏಳನೆಯ ಇಯತ್ತೆ. ಬೆಳಿಗ್ಗೆ ಎದ್ದು ರೊಟ್ಟಿ ಬಡಿದು, ಎರಡು ಆಡುಗಳಿಗೆ ಮೇವು ಹಾಕಿ, ನಡೆಯಲಾಗದ ಅತ್ತೆ ಬಾಲಮ್ಮನಿಗೆ ಸ್ನಾನ ಮಾಡಿಸಿ ಗುಳಿಗೆ ಕೊಟ್ಟು, ಹತ್ತಕ್ಕೆ ಸರಿಯಾಗಿ ಗೇಟಿನ ಚಕ್ರ ತಿರುವುತ್ತಿದ್ದಳು. ಸಕಾಲಕ್ಕೆ ನೀರು ಬಿಡುವುದನ್ನು ಕಲಿಯಬೇಕಾದವರ ಯಾದಿಯಲ್ಲಿ ಅವಳದೇ ಮೊದಲ ಹೆಸರು.

"ಸರ, ಹತ್ತಕ್ಕ ನಾ ಕ್ಲಾಸಿನ್ಯಾಗ ಕುಂತ್ರ ಗೇಟ್ ಯಾರು ತೆಗೀಬೇಕ್ರಿ?" ಎಂದು ಹಣಮಂತ್ರಾಯರನ್ನು ಕೇಳಿದಳು.

"ನೀವೇ ತೆಗೀಬೇಕು."

"ನಾ ಕ್ಲಾಸಿನ್ಯಾಗ ಇರ್ತೀನಲ್ರಿ."

"ಇರಲೇಬೇಕು. ಹಾಜರಿ ಕಡ್ಡಾಯ ಅದ."

ಹಣಮಂತ್ರಾಯರು ಕೆಟ್ಟ ಮನುಷ್ಯರಲ್ಲ. ಈ ಸಂಶಯವನ್ನು ಮೇಲಿನ ಕಚೇರಿಗೆ ಬರೆದು ಕೇಳಿದರು. ಮೂರು ದಿನದಲ್ಲೇ ಉತ್ತರ ಬಂತು: "ಸದರಿ ವಿಷಯವನ್ನು ಒಂಬತ್ತನೆಯ ಪಾಠದಲ್ಲಿ ಬೋಧಿಸಲಾಗುವುದು."

ಗೇಟಿನ ಹತ್ತಿರ ಮೊಬೈಲಿಗೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ. ಅದು ಸರಿಯಾಗಿ ಸಿಗುತ್ತಿದ್ದುದು ಎರಡು ಮೈಲು ಆಚೆ, ಊರ ನೀರಿನ ಟಾಕಿಯ ಕಬ್ಬಿಣದ ನಿಚ್ಚಣಿಕೆಯ ಮೇಲೆ. ಅಲ್ಲಿ ಸೇವಾ ಹಿರಿತನದ ಪ್ರಕಾರ ಆಸನ ಹಂಚಿಕೆಯಾಯಿತು. ಕಾಲುವೆಯ ನೀರಿನ ಮಟ್ಟ ಅಳೆಯುವ ಖಂಡಪ್ಪ ಮೇಲಿನ ಮೆಟ್ಟಿಲು, ಉಪವಿಭಾಗದ ಸಾಹೇಬರ ಜೀಪಿನ ಡ್ರೈವರ್ ಮೈನುದ್ದೀನ ಅದರ ಕೆಳಗೆ, ಶೇಖಮ್ಮ ಇನ್ನೂ ಕೆಳಗೆ. ಜೀಪು ಟಾಕಿಯ ಬುಡದಲ್ಲಿ ನಿಂತಿರುತ್ತಿತ್ತು. ಅದರೊಳಗೆ ಸಾಹೇಬರು ಹನ್ನೆರಡು ಹೊಡೆಯುವುದನ್ನು ಕಾಯುತ್ತ ಕುಳಿತಿರುತ್ತಿದ್ದರು. ಹನ್ನೆರಡರ ಮೇಲೆ ಗೇಟು ತೆಗೆಯಲು ನಿಯಮದಲ್ಲಿ ಅವಕಾಶವಿರಲಿಲ್ಲ.

ಎರಡನೆಯ ವಾರ ಬಾಲಮ್ಮನಿಗೆ ಜ್ವರ ಬಂತು. ಬಿಟ್ಟು ಹೋಗುವ ಹಾಗಿರಲಿಲ್ಲ. ಮನೆಯ ಮಾಳಿಗೆಯ ಮೇಲೆ ಅಷ್ಟಿಷ್ಟು ನೆಟ್‌ವರ್ಕ್ ಬರುತ್ತಿತ್ತಾದ್ದರಿಂದ, ಶೇಖಮ್ಮ ಅತ್ತೆಯನ್ನೂ ಹೊತ್ತುಕೊಂಡು ಹೋಗಿ ಅಲ್ಲೇ ಕೂತಳು. ಅಂದು ಬೋಧಕರು ಪ್ರಶ್ನೆ ಹಾಕಿದರು: ಬೆಳೆಗೆ ನೀರನ್ನು ಯಾವಾಗ ಬಿಡಬೇಕು?

"ಬೆಳಿ ಬಾಡೂದ್ರೊಳಗ ಬಿಡಬೇಕು. ಇದನ್ನೇನು ಕೇಳ್ತಾನ ಇಂವ?" ಎಂದಳು ಬಾಲಮ್ಮ, ಕೌದಿಯೊಳಗಿಂದ.

ಶೇಖಮ್ಮ ಅದನ್ನೇ ಹೇಳಿದಳು. ಅದು ತಪ್ಪು ಉತ್ತರವಾಗಿತ್ತು. ಸರಿಯುತ್ತರ, "ಸಕ್ಷಮ ಪ್ರಾಧಿಕಾರದ ಅನುಮೋದನೆಯ ನಂತರ."

ನಾಲ್ಕನೆಯ ವಾರದ ಹೊತ್ತಿಗೆ ಕಾಲುವೆಯ ತೀರಾ ಕೊನೆಯ ಹೊಲದ ರೈತ ಲಾಲಪ್ಪ ಟಾಕಿಯ ಹತ್ತಿರ ಬಂದ. ಅರವತ್ತು ದಾಟಿದ ಮನುಷ್ಯ. ಕೈಯಲ್ಲಿ ಬೇರುಸಹಿತ ಕಿತ್ತ ಭತ್ತದ ಪೈರು. ಬುಡದಲ್ಲಿ ಮಣ್ಣು ಪುಡಿಪುಡಿಯಾಗಿ ಉದುರುತ್ತಿತ್ತು.

"ಶೇಖಮ್ಮ, ಹೊಲದಾಗ ನೀರು ಆರಿ ಒಂಬತ್ತು ದಿನ ಆತು ತಂಗಿ. ನೆಲ್ಲು ಹಾಲು ತುಂಬೂ ಹೊತ್ತಿಗಿ ಬಂದದ. ಈಗ ನೀರು ಬರ್ಲಿಲ್ಲಂದ್ರ ಬರೇ ಹುಲ್ಲು ಕೊಯ್ಯೂದಾಗ್ತದ."

"ಸದ್ದು ಮಾಡಬ್ಯಾಡೋ ಕಾಕಾ," ಎಂದು ಮೇಲಿಂದ ಖಂಡಪ್ಪ ಹೇಳಿದ. "ನೀರು ಬಿಡೂದು ಹ್ಯಾಂಗಂತ ಹೇಳಾಕತ್ತಾರ."

ಲಾಲಪ್ಪ ಜೀಪಿನ ನೆರಳಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ. ಶೇಖಮ್ಮ ಮೊಬೈಲಿನ ಕಡೆಗೆ ಮುಖವಿಟ್ಟುಕೊಂಡೇ ಅವನ ಕೈಯಲ್ಲಿದ್ದ ಪೈರನ್ನು ನೋಡಿದಳು. ಹದಿನಾಲ್ಕು ವರ್ಷದಲ್ಲಿ ಅವನು ಒಮ್ಮೆಯೂ ಬಂದು ನೀರು ಕೇಳಿರಲಿಲ್ಲ. ಕೇಳುವ ಹೊತ್ತು ಅವಳು ಬರಗೊಟ್ಟಿರಲಿಲ್ಲ. ಮೊಬೈಲನ್ನು ಮೆಟ್ಟಿಲಿನ ಮೇಲೆ ಹಾಗೇ ನಿಲ್ಲಿಸಿ ಕೆಳಗಿಳಿದು, ಟಾಕಿಗೆ ಆನಿಸಿದ್ದ ಖಂಡಪ್ಪನ ಸೈಕಲ್ಲು ತೆಗೆದುಕೊಂಡು ಗೇಟಿಗೆ ಹೋದಳು. ಚಕ್ರ ಬಿಗಿದಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಿಂದ ಜೋತುಬಿದ್ದು ತಿರುವಿದಳು. ನೀರು ಹೋಯಿತು. ಲಾಲಪ್ಪನ ಹೊಲದ ಮುಕ್ಕಾಲು ಭಾಗ ಅಂದು ತೊಯ್ದಿತು.

ಮರುದಿನ ಅವಳಿಗೆ ನೋಟಿಸು ಬಂತು. "ಸದರಿ ವಿದ್ಯಾರ್ಥಿಯು ನೀರು ಬಿಡುವ ತರಗತಿಯ ವೇಳೆಯಲ್ಲಿ ನೀರು ಬಿಡುತ್ತಿದ್ದುದು ಕಂಡುಬಂದಿರುತ್ತದೆ. ಇದು ಕಲಿಕೆಯ ಬಗ್ಗೆ ಅವರಿಗಿರುವ ನಿರಾಸಕ್ತಿಯನ್ನು ತೋರಿಸುತ್ತದೆ. ಪುನರಾವರ್ತನೆಯಾದಲ್ಲಿ ಹೆಸರು ತೆಗೆಯಲಾಗುವುದು."

ಅವಳು ನೋಟಿಸನ್ನು ಅತ್ತೆಗೆ ಓದಿ ಹೇಳಿದಳು.

"ಹೆಸರು ತಗದ್ರ ಏನಾಗ್ತದ?" ಎಂದು ಬಾಲಮ್ಮ ಕೇಳಿದಳು.

"ಗುಳಿಗಿ ನಿಲ್ತಾವ, ಅತ್ತಿ."

ಆಮೇಲೆ ಶೇಖಮ್ಮ ಒಂದು ತರಗತಿಯನ್ನೂ ತಪ್ಪಿಸಲಿಲ್ಲ. ಒಂಬತ್ತನೆಯ ಪಾಠವೂ ಬಂತು. ಕೆಲಸ, ಮನೆ, ಓದು ಮೂರನ್ನೂ ಸರಿದೂಗಿಸಿಕೊಂಡು ಹೋಗತಕ್ಕದ್ದು ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಲಾಗಿತ್ತು.

ಹತ್ತನೆಯ ವಾರ ಗುಂಪು ಪ್ರಾಜೆಕ್ಟಿನ ವಿಷಯ ಪ್ರಕಟವಾಯಿತು: "ಕಾಲುವೆಯ ಕೊನೆಯ ಹೊಲಕ್ಕೆ ನೀರು ಮುಟ್ಟದಿರಲು ಕಾರಣ." ಖಂಡಪ್ಪ, ಮೈನುದ್ದೀನ, ಶೇಖಮ್ಮ ಒಂದು ಗುಂಪು. ಮೂವರೂ ನಿಚ್ಚಣಿಕೆಯ ಮೇಲೆ ಐದು ನಿಮಿಷ ಚರ್ಚಿಸಿ, "ನೀರು ಬಿಡುವ ವೇಳೆಯಲ್ಲಿ ನಾವು ಕೋರ್ಸಿನಲ್ಲಿರುತ್ತೇವೆ" ಎಂದು ಬರೆದು ಕಳಿಸಿದರು.

ಪ್ರಾಜೆಕ್ಟು ತಿರಸ್ಕೃತವಾಯಿತು. ನಲವತ್ತೊಂದು ಗುಂಪುಗಳು ಇದೇ ಕಾರಣ ಬರೆದಿದ್ದವು. ಕೃತಿಚೌರ್ಯ ಹಿಡಿಯುವ ಗಣಕಯಂತ್ರವು ಇದನ್ನು ಸಾಮೂಹಿಕ ನಕಲು ಎಂದು ತೀರ್ಮಾನಿಸಿತ್ತು.

"ನಾವ್ಯಾರದೂ ನೋಡಿ ಬರದಿಲ್ರಿ ಸರ," ಎಂದ ಮೈನುದ್ದೀನ. "ಖುದಾನ ಆಣೆ. ಖರೇನೇ ಹಂಗದರಿ."

ಹಣಮಂತ್ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಖರೇ ಬರದ್ರ ಎಲ್ಲಾರದೂ ಒಂದೇ ಆಗ್ತದಪ. ಅದಕ್ಕ ಮಾರ್ಕ್ಸ್ ಹ್ಯಾಂಗ ಕೊಡ್ಬೇಕು ಅವರು? ನಿಮ್ಮದೇ ಆದದ್ದು ಏನರೆ ಬರೀರಿ."

ತಿದ್ದುಪಡಿ ಸುತ್ತೋಲೆಯೂ ಹಾಗೆಯೇ ಹೇಳುತ್ತಿತ್ತು: ಒಂದು ಗುಂಪು ಬರೆದ ಕಾರಣವನ್ನು ಇನ್ನೊಂದು ಗುಂಪು ಬರೆಯತಕ್ಕದ್ದಲ್ಲ. ಖಂಡಪ್ಪ ಏಡಿಗಳು ಒಡ್ಡಿನಲ್ಲಿ ತೂತು ಮಾಡುತ್ತವೆ ಎಂದು ಬರೆಯೋಣವೆಂದ. ಏಡಿಗಳನ್ನು ಸಗರದ ಕಡೆಯ ಗುಂಪು ಅದಾಗಲೇ ತೆಗೆದುಕೊಂಡಿತ್ತು. ಮೈನುದ್ದೀನ ಬಿಸಿಲು ಎಂದ. ಬಿಸಿಲಿಗೆ ಆರು ಗುಂಪುಗಳ ಜಗಳ ನಡೆದಿತ್ತು. ನಾರಾಯಣಪುರದ ಗುಂಪೊಂದು ಭೂಮಿಯ ತಿರುಗುವಿಕೆಯನ್ನೇ ಹಿಡಿದುಬಿಟ್ಟಿತ್ತು. ಕೊಡಲು ಇನ್ನೊಂದೇ ದಿನ ಉಳಿದಿತ್ತು. ಆಡು ಈದಿತ್ತು, ಬಾಲಮ್ಮನ ಗುಳಿಗೆ ತರಲು ಸುರಪುರಕ್ಕೆ ಹೋಗಬೇಕಿತ್ತು, ಶೇಖಮ್ಮನಿಗೆ ಸಾಕಾಗಿತ್ತು.

"ಕೊನೀ ಹೊಲ ಕೊನಿಗದ. ಅದಕ್ಕ ಮುಟ್ಟವಲ್ದು. ಬರೀರಿ ಅಷ್ಟೇ," ಎಂದಳು.

ಖಂಡಪ್ಪ ಅದನ್ನು ಬರೆದ. ಇಡೀ ವಲಯದಲ್ಲಿ ಇಂಥದ್ದನ್ನು ಯಾರೂ ಬರೆದಿರಲಿಲ್ಲ. ಸ್ವಂತಿಕೆಗಾಗಿ ಪ್ರಥಮ ಸ್ಥಾನ ಬಂತು.

ಇಲಾಖೆ ಕಾರಣ ತಿಳಿದ ಮೇಲೆ ಸುಮ್ಮನೆ ಕೂರುವಂಥದ್ದಲ್ಲ. ಹದಿನೈದು ದಿನದೊಳಗೆ ಆದೇಶವಾಯಿತು: ಇನ್ನು ಮುಂದೆ ಯಾವ ಹೊಲವೂ ಕಾಲುವೆಯ ಕೊನೆಯಲ್ಲಿರತಕ್ಕದ್ದಲ್ಲ. ದಾಖಲೆಗಳಲ್ಲಿ ಎಣಿಕೆಯನ್ನು ತಿರುವಿ, ಕೊನೆಯ ಹೊಲಗಳನ್ನು ಮೊದಲನೆಯವೆಂದು ನಮೂದಿಸತಕ್ಕದ್ದು. ಲಾಲಪ್ಪನ ಹೊಲದಲ್ಲಿ "ಮೊದಲನೆಯ ಹೊಲ" ಎಂಬ ಹಲಗೆ ನೆಡಲಾಯಿತು. ಗೇಟಿಗೆ ಹತ್ತಿದ ಹೊಲದ ಈಶಪ್ಪ, ಗೇಟಿನಿಂದ ಸೋರಿ ತುಂಬಿದ ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಕೊನೆಯ ರೈತರ ಪರಿಹಾರಕ್ಕೆ ಅರ್ಜಿ ಹಾಕಿದ. ದಾಖಲೆ ಸರಿಯಿದ್ದುದರಿಂದ ಅದು ಮಂಜೂರಾಯಿತು.

ಸುರಪುರದಲ್ಲಿ ಸನ್ಮಾನ ಸಮಾರಂಭ ನಡೆಯಿತು. ಶೇಖಮ್ಮನಿಗೆ ಶಾಲು, ಹಾರ, ಖಾಯಂ ಆದೇಶ. ಆದೇಶದ ಕಾಗದವನ್ನು ಅವಳು ಹೊರಗೆ ಗೋಡೆಗೆ ಆತು ನಿಂತು ನಾಲ್ಕು ಸಲ ಓದಿದಳು. ಕಣ್ಣು ತುಂಬಿ ಬಂತು. ಐದನೆಯ ಸಲ ಓದಿದಾಗ ಕೆಳಗಿನ ಸಾಲು ಕಂಡಿತು: ಖಾಯಂ ನೌಕರರು ಕೋರ್ಸಿನ ಎರಡನೆಯ ಭಾಗವನ್ನು ಪೂರೈಸತಕ್ಕದ್ದು, ವೇಳೆ ಬೆಳಿಗ್ಗೆ ಹತ್ತರಿಂದ ಹನ್ನೆರಡು.

"ಎರಡನೇದ್ರಾಗ ಏನು ಕಲಸ್ತಾರ್ರಿ?" ಎಂದು ಹಣಮಂತ್ರಾಯರನ್ನು ಕೇಳಿದಳು.

"ಬಿಟ್ಟ ನೀರು ಬಂದ್ ಮಾಡೂದು."

ತಿಂಗಳ ಮೇಲೆ ಲಾಲಪ್ಪ ಅವಳ ಮನೆಗೆ ಬಂದ. ಅವಳು ನೀರು ಬಿಟ್ಟ ದಿನ ತೊಯ್ದ ಭಾಗದ ಭತ್ತ ಮಾತ್ರ ಕೈಗೆ ಹತ್ತಿತ್ತು. ಅದರಲ್ಲೇ ಎರಡು ಸೇರು ಅಕ್ಕಿ ಮಾಡಿಸಿ ಬಾಲಮ್ಮನಿಗೆಂದು ತಂದಿದ್ದ. ಶೇಖಮ್ಮ ಅಕ್ಕಿಯನ್ನು ಮುಟ್ಟದೆ ತಲೆ ತಗ್ಗಿಸಿ ಕೂತಳು.

"ನಿಂದೇನು ತಪ್ಪದ ತಂಗಿ? ತಗೋ," ಎಂದು ಅವನೇ ಚೀಲವನ್ನು ಅವಳ ಮುಂದಕ್ಕೆ ಸರಿಸಿದ. ಆಮೇಲೆ ಅಂಗಿಯ ಕಿಸೆಯಿಂದ ಒಂದು ಕಾಗದ ತೆಗೆದ. "ಇದು ಬಂದದ. ಸ್ವಲ್ಪ ಓದಿ ಹೇಳು."

ಅವಳು ಓದಿದಳು. ಕಾಲುವೆಯ ಮೊದಲನೆಯ ಹೊಲಗಳ ರೈತರು ಮಿತಿಮೀರಿ ನೀರು ಬಳಸಿ, ಹಿಂದಿನವರಿಗೆ ಅನ್ಯಾಯ ಮಾಡುತ್ತಿರುವುದು ಸರ್ವೇಸಾಮಾನ್ಯವಾಗಿದ್ದು, ತಾವು ಮೊದಲನೆಯ ರೈತರಾಗಿರುವುದರಿಂದ ತಮ್ಮ ಮೇಲೆ ಏಕೆ ಕ್ರಮ ಕೈಗೊಳ್ಳಬಾರದು ಎಂಬುದಕ್ಕೆ ಏಳು ದಿನದೊಳಗೆ ಲಿಖಿತ ಉತ್ತರ ಕೊಡತಕ್ಕದ್ದು.

ಲಾಲಪ್ಪ ಕಾಗದವನ್ನು ತಿರುವಿ ಅವಳ ಮುಂದಿಟ್ಟ.

"ತಪ್ಪಾಗ್ಯಾದ, ಇನ್ನ ಮ್ಯಾಲ ಕಡಿಮಿ ಬಳಸ್ತೀನಿ ಅಂತ ಬರಿ," ಎಂದ.

ಶೇಖಮ್ಮ ಹಾಗೆಯೇ ಬರೆದಳು. ಲಾಲಪ್ಪ ಸಹಿ ಮಾಡಿದ.